ಮಸಾಲೆ ಸ್ಮೂದಿ: ಕೆಡಿಸಿ ಕೆಡಿಸಿ ಕಲಿತದ್ದು

ಮೊದಲ ಲೋಟವನ್ನು ಸಿಂಕಿಗೆ ಸುರಿದೆ. ಬಾಳೆಹಣ್ಣು, ನೀರು, ಒಂದು ಟೀ ಚಮಚ ಅರಿಶಿನ, ಅರ್ಧ ಚಮಚ ಚಕ್ಕೆ ಪುಡಿ, ಲವಂಗ, ಹೆಬ್ಬೆರಳಿನಷ್ಟು ಹಸಿ ಶುಂಠಿ. ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸಿದ್ದೆ. ಮೊದಲ ಗುಟುಕಿಗೆ ಮಣ್ಣಿನ ವಾಸನೆ, ಎರಡನೆಯದಕ್ಕೆ ಗಂಟಲಲ್ಲಿ ಉರಿ, ಲೋಟದ ತಳದಲ್ಲಿ ನೋಡಿದರೆ ಹಳದಿ ಕೆಸರು. ವಿಡಿಯೋ ಕಾಲ್‌ನಲ್ಲಿದ್ದ ಅಕ್ಕ ನನ್ನ ಮೂತಿ ನೋಡಿ, "ಏನೇ ಅದು, ಪೇಂಟ್ ಕುಡೀತಿದ್ದೀಯಾ?" ಅಂದಳು. ಮೇಲ್ತುಟಿಯ ಮೇಲೆ ಹಳದಿ ಮೀಸೆ ಬೇರೆ ಮೂಡಿತ್ತು.

ಇದನ್ನು ಶುರು ಮಾಡಿದ್ದಕ್ಕೆ ಕಾರಣ ಬೆರಳುಗಳು. ದಿನವಿಡೀ ಕೀಬೋರ್ಡ್ ಮುಂದೆ ಕೂರುವ ಕೆಲಸ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿ. ಡಾಕ್ಟರ್ ನೋಡಿ, ಗಾಬರಿ ಪಡುವಂಥದ್ದು ಏನಿಲ್ಲ, ಊಟ-ತಿಂಡಿ ಸರಿ ಮಾಡಿಕೊಳ್ಳಿ, ಸ್ವಲ್ಪ ಓಡಾಡಿ ಎಂದಿದ್ದರು. ಉರಿಯೂತ ಅನ್ನುವ ಪದ ತಲೆಗೆ ಹೊಕ್ಕಿದ್ದು ಆಗ. ಗಾಯವಾದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದಲ್ಲ, ಅದೇ. ಮೈಗೆ ಬೇಕಾದ ಕೆಲಸವೇ ಅದು, ಆದರೆ ನಿಲ್ಲದೆ ಸಣ್ಣಗೆ ಉರಿಯುತ್ತಲೇ ಇದ್ದರೆ ತೊಂದರೆ. ಅರಿಶಿನ, ಶುಂಠಿ, ಚಕ್ಕೆ, ಲವಂಗ ಇದನ್ನು ತಗ್ಗಿಸುತ್ತವೆ ಅಂತ ಎಲ್ಲೆಲ್ಲೂ ಓದಿ, ಎಲ್ಲವನ್ನೂ ಒಂದೇ ಲೋಟಕ್ಕೆ ತುಂಬಿದ್ದೆ.

ಎಲ್ಲಿ ಎಡವಿದೆ ಅಂತ ತಿಳಿಯಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಎರಡು ಗಾಜಿನ ಲೋಟ ತೆಗೆದುಕೊಂಡೆ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಎರಡು ಚಮಚ ಬೆಚ್ಚಗಿನ ಎಣ್ಣೆ. ಎರಡಕ್ಕೂ ಚಿಟಿಕೆ ಅರಿಶಿನ ಹಾಕಿ ಕಲಕಿ ಬಿಟ್ಟೆ. ಹತ್ತು ನಿಮಿಷದಲ್ಲಿ ನೀರಿನ ಲೋಟದಲ್ಲಿ ಪುಡಿ ಹೆಚ್ಚುಕಮ್ಮಿ ಪೂರ್ತಿ ಕೆಳಗೆ ಕೂತಿತ್ತು, ಮೇಲೆ ತೆಳು ಹಳದಿ ನೀರು. ಎಣ್ಣೆಯದು ಮಾತ್ರ ಮೇಲಿಂದ ಕೆಳಗಿನವರೆಗೆ ಕಡು ಕಿತ್ತಳೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿಗೆ ಬಿಟ್ಟುಕೊಡುವುದಿಲ್ಲ, ಜಿಡ್ಡಿಗೆ ಬಿಟ್ಟುಕೊಡುತ್ತದೆ. ನನ್ನ ಲೋಟದಲ್ಲಿ ಜಿಡ್ಡಿನ ಪಸೆಯೇ ಇರಲಿಲ್ಲ! ಮಸಾಲೆಯನ್ನು ಎಣ್ಣೆಯಲ್ಲಿ ಬಾಡಿಸಿದಾಗ ಮನೆಯೆಲ್ಲ ಘಮ್ ಅನ್ನುತ್ತದೆ. ಅಡುಗೆಯಲ್ಲಿ ದಿನಾ ಮಾಡುವ ಈ ಕೆಲಸವನ್ನೇ ಸ್ಮೂದಿ ಅಂದಕೂಡಲೇ ಮರೆತಿದ್ದೆ.

ಅಲ್ಲಿಂದ ಪುಡಿಯನ್ನು ನೇರವಾಗಿ ಜಾರಿಗೆ ಹಾಕುವುದು ಬಿಟ್ಟೆ. ಈಗ ಭಾನುವಾರ ಒಂದು ಪೇಸ್ಟ್ ಮಾಡಿಟ್ಟುಕೊಳ್ಳುತ್ತೇನೆ. ಎರಡು ಟೇಬಲ್ ಚಮಚ ಅರಿಶಿನಕ್ಕೆ ಅರ್ಧ ಕಪ್ ನೀರು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಇರಬೇಕು. ಮೊದಲು ಪಿತಪಿತ ಗುಳ್ಳೆ ಬರುತ್ತದೆ, ಏಳೆಂಟು ನಿಮಿಷಕ್ಕೆ ಚಮಚ ಎಳೆದ ದಾರಿ ಕ್ಷಣ ಹೊತ್ತು ಹಾಗೇ ಉಳಿಯುವಷ್ಟು ಗಟ್ಟಿಯಾಗುತ್ತದೆ. ಹಸಿ ವಾಸನೆ ಹೋಗಿರುತ್ತದೆ. ಗ್ಯಾಸ್ ಆರಿಸಿ ಒಂದೂವರೆ ಟೇಬಲ್ ಚಮಚ ಎಣ್ಣೆ ಸೇರಿಸುತ್ತೇನೆ. ನನಗೆ ಕೊಬ್ಬರಿ ಎಣ್ಣೆಯ ಪರಿಮಳ ಇಷ್ಟ, ಬೇರೆ ಎಣ್ಣೆಯೂ ಆಗುತ್ತದೆ. ಆಮೇಲೆ ಆಗಷ್ಟೇ ಕುಟ್ಟಿದ ಕರಿಮೆಣಸು ಅರ್ಧ ಟೀ ಚಮಚ. ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ. ಅದಕ್ಕಿಂತ ಜಾಸ್ತಿ ದಿನ ಇಡುವುದಿಲ್ಲ, ಒದ್ದೆ ಚಮಚವನ್ನೂ ಅದರೊಳಗೆ ಅದ್ದುವುದಿಲ್ಲ. ಒಂದು ಲೋಟಕ್ಕೆ ಇದರಲ್ಲಿ ಅರ್ಧ ಟೀ ಚಮಚ, ಅಷ್ಟೇ.

ಮೆಣಸು ರುಚಿಗಷ್ಟೇ ಅಲ್ಲ. ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಪಿತ್ತಜನಕಾಂಗ ಅದನ್ನು ಬೇಗಬೇಗ ಮಾರ್ಪಡಿಸಿ ಹೊರಗೆ ಕಳಿಸಿಬಿಡುತ್ತದೆ. ಮೆಣಸಿಗೆ ಖಾರ ಕೊಡುವ ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ಎಲ್ಲರೂ ಉದಾಹರಿಸುವುದು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಸಿಕ್ಕ ಪ್ರಮಾಣ ಶೇ. 2000ರಷ್ಟು ಹೆಚ್ಚಿತ್ತು. ಅಂಕಿ ನೋಡಿ ನಾನೂ ಕುಣಿದಿದ್ದೆ. ಆಮೇಲೆ ಕಾಗದ-ಪೆನ್ನು ಹಿಡಿದು ಲೆಕ್ಕ ಹಾಕಿದೆ. ಅರಿಶಿನ ಪುಡಿಯ ತೂಕದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. ಅಂದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ 65 ಗ್ರಾಂಗೂ ಜಾಸ್ತಿ ಪುಡಿ ತಿನ್ನಬೇಕು. ನನ್ನ ಅರ್ಧ ಚಮಚ ಪೇಸ್ಟಿನಲ್ಲಿರುವ ಅರಿಶಿನ ಅರ್ಧ ಗ್ರಾಂ ಇದ್ದರೆ ಹೆಚ್ಚು. ಅದರಿಂದ ಕರ್ಕ್ಯುಮಿನ್ ಸಿಗುವುದು ಹದಿನೈದು ಮಿಲಿಗ್ರಾಂನಷ್ಟು!

ಹಾಗಾಗಿ ನನ್ನ ಲೋಟ ಔಷಧ ಅಲ್ಲ. ಇದು ಗೊತ್ತಾದ ಮೇಲೆ ನನಗೆ ಬೇಜಾರಾಗಲಿಲ್ಲ, ಒಂದು ರೀತಿ ಬಿಡುಗಡೆಯೇ ಆಯಿತು. ಚಮಚಗಟ್ಟಲೆ ಸುರಿದು ಮೂಗು ಹಿಡಿದುಕೊಂಡು ಕುಡಿಯುವ ಅಗತ್ಯ ಇಲ್ಲ ಅಂತಾಯಿತಲ್ವಾ? ರುಚಿಗೆ ಎಷ್ಟು ಬೇಕೋ ಅಷ್ಟು ಹಾಕು, ದಿನಾ ಕುಡಿಯುವಂತಿರಲಿ. ಅಲ್ಲಿಂದಲೇ ನನ್ನ ಸ್ಮೂದಿ ಬಾಯಿಗೆ ಹಿಡಿಸತೊಡಗಿದ್ದು.

ಎರಡನೇ ಅವಾಂತರ ಶುಂಠಿಯದು. ಬೆಳಿಗ್ಗೆ ಸಮಯ ಉಳಿಯಲಿ ಅಂತ ರಾತ್ರಿಯೇ ಅನಾನಸ್, ಹಾಲು, ತುರಿದ ಹಸಿ ಶುಂಠಿ ರುಬ್ಬಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಕೆಳಗೆ ನೀರು, ಮೇಲೆ ಒಡೆದ ಹಾಲಿನಂಥ ಪದರ. ಬಾಯಿಗಿಟ್ಟರೆ ಹಾಗಲಕಾಯಿಯಂಥ ಕಹಿ. ಹಾಲು ಕೆಟ್ಟಿದೆ ಅಂದುಕೊಂಡು ಹೊಸ ಪ್ಯಾಕೆಟ್ ಒಡೆದು ಮತ್ತೆ ಮಾಡಿದೆ. ಮರುದಿನವೂ ಅದೇ ಕಹಿ. ತಪ್ಪು ಹಾಲಿನದಲ್ಲ. ಅನಾನಸ್‌ನಲ್ಲಿ ಬ್ರೊಮೆಲಿನ್, ಹಸಿ ಶುಂಠಿಯಲ್ಲಿ ಜಿಂಜಿಬೈನ್ ಎಂಬ ಕಿಣ್ವಗಳಿವೆ. ಹಾಲಿನ ಪ್ರೋಟೀನನ್ನು ಕತ್ತರಿಸಿ ತುಂಡು ಮಾಡುವುದೇ ಅವುಗಳ ಕೆಲಸ. ಆ ತುಂಡುಗಳದ್ದೇ ಕಹಿ. ಪಪ್ಪಾಯ, ಕಿವಿ ಹಣ್ಣಿನದೂ ಇದೇ ಕಥೆ. ಮೊಸರನ್ನೂ ಬಿಡುವುದಿಲ್ಲ.

ಪರಿಹಾರ ಸುಲಭ. ಬಿಸಿ ತಾಗಿದರೆ ಈ ಕಿಣ್ವಗಳು ಸುಮ್ಮನಾಗುತ್ತವೆ. ಹಾಲು-ಮೊಸರು ಹಾಕುವ ದಿನ ಶುಂಠಿಯನ್ನು ಎರಡು ಚಮಚ ನೀರಿನಲ್ಲಿ ಚೆನ್ನಾಗಿ ಕುದಿಸಿ, ಆರಿಸಿ ಸೇರಿಸುತ್ತೇನೆ. ಅನಾನಸ್ ದಿನ ಹಾಲಿನ ತಂಟೆಗೇ ಹೋಗುವುದಿಲ್ಲ, ತೆಂಗಿನಕಾಯಿ ಹಾಲು ಹಾಕುತ್ತೇನೆ. ಆಗ ಶುಂಠಿ ಹಸಿಯಾಗಿದ್ದರೂ ಚಿಂತೆಯಿಲ್ಲ. ಒಣ ಶುಂಠಿ ಮಾತ್ರ ಬೇರೆಯೇ ಮಾಲು. ಒಣಗುವಾಗ, ಹಸಿ ಶುಂಠಿಗೆ ಖಾರ ಕೊಡುವ ಜಿಂಜರಾಲ್‌ನಲ್ಲಿ ಒಂದಷ್ಟು ಪಾಲು ಶೋಗಾಲ್ ಎಂಬ ಅಂಶವಾಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಜಾಸ್ತಿ. ಹಸಿ ಶುಂಠಿ ಇಷ್ಟು ಅಂತಿದ್ದರೆ ಒಣ ಪುಡಿಯನ್ನು ಅದರ ಕಾಲು ಭಾಗದಿಂದ ಶುರು ಮಾಡಿ.

ಚಕ್ಕೆಯ ವಿಷಯದಲ್ಲಿ ಎಷ್ಟು ಹಾಕುತ್ತೇವೆ ಅನ್ನುವುದರ ಜೊತೆಗೆ ಯಾವ ಚಕ್ಕೆ ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ಕೈಗೆ ಸಿಗುವ ದಪ್ಪ, ಗಟ್ಟಿ, ಒಂದೇ ಪದರದ ತೊಗಟೆ ಕ್ಯಾಸಿಯಾ. ಸಿಲೋನ್ ಚಕ್ಕೆ ತೆಳ್ಳಗಿನ ಹಾಳೆಗಳನ್ನು ಸುತ್ತಿದ ಸುರುಳಿ, ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ರಾಸಾಯನಿಕ ಜಾಸ್ತಿ, ಸಿಲೋನ್‌ನಲ್ಲಿ ಹೆಸರಿಗಷ್ಟೇ. ಅತಿಯಾದರೆ ಕೆಲವರ ಪಿತ್ತಜನಕಾಂಗಕ್ಕೆ ಇದು ಒಗ್ಗುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಮರಿನ್‌ಗೆ ಹಾಕಿರುವ ಮಿತಿ ದಿನಕ್ಕೆ ದೇಹದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿಯಲ್ಲೇ ಅದು ಮುಗಿದುಹೋಗಬಹುದು. ಅಂದರೆ ಒಂದು ಟೀ ಚಮಚವೂ ಇಲ್ಲ. ಅಪರೂಪಕ್ಕೆ ತಿಂದರೆ ಪರವಾಗಿಲ್ಲ, ನಾನು ದಿನಾ ಕುಡಿಯುವವಳು. ಹಾಗಾಗಿ ಸಿಲೋನ್ ಚಕ್ಕೆ, ಅದೂ ಎರಡು ಚಿಟಿಕೆ. ಇನ್ನೊಂದು ವಿಷಯ. ಚಕ್ಕೆ ಪುಡಿ ನೀರು ಕುಡಿದರೆ ಲೋಳೆ ಬಿಡುತ್ತದೆ. ಜಾಸ್ತಿ ಹಾಕಿ ಅರ್ಧ ಗಂಟೆ ಬಿಟ್ಟರೆ ಸ್ಮೂದಿ ಚಮಚದಿಂದ ಎಳೆಎಳೆಯಾಗಿ ಜಾರುತ್ತದೆ. ಒಮ್ಮೆ ನೋಡಿದರೆ ಸಾಕು, ಮತ್ತೆ ಚಮಚಗಟ್ಟಲೆ ಹಾಕುವ ಮನಸ್ಸಾಗದು.

ಲವಂಗ ಒಂದೇ ಒಂದು, ಅದರ ಮೊಗ್ಗು ಮಾತ್ರ ಪುಡಿ ಮಾಡಿ. ಎರಡು ಹಾಕಿದರೆ ಹಲ್ಲಿನ ಡಾಕ್ಟರ್ ಹತ್ತಿರ ಕೂತ ಹಾಗಾಗುತ್ತದೆ. ಏಲಕ್ಕಿ ಬೇಕಾದರೆ ಹಾಕಿ, ಬೇಡವಾದರೆ ಬಿಡಿ.

ಹಣ್ಣಿಗೆ ಬಂದರೆ, ನನ್ನ ಕೈ ಮೊದಲು ಹೋಗುವುದು ಮಾವಿನ ಕಡೆಗೆ. ಅರಿಶಿನದ ಒಗರನ್ನು ಅಷ್ಟು ಚೆನ್ನಾಗಿ ಮುಚ್ಚುವ ಹಣ್ಣು ನನಗೆ ಇನ್ನೊಂದು ಸಿಕ್ಕಿಲ್ಲ. ಸೇಬು, ಪೇರ್ ಹಣ್ಣಿಗೆ ಚಕ್ಕೆ-ಲವಂಗ. ಬೆರ್ರಿ ಹಣ್ಣಿಗೆ ಶುಂಠಿ. ಮೊದಮೊದಲು ಬೆರ್ರಿ ಜೊತೆ ಬಾಳೆಹಣ್ಣನ್ನೂ ಹಾಕುತ್ತಿದ್ದೆ, ದಪ್ಪ ಬರಲಿ ಅಂತ. 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಬಿಟ್ಟೆ. ಬಾಳೆಹಣ್ಣು ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಅದಕ್ಕೆ ಕಾರಣವಾದ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಬೆರ್ರಿಯಲ್ಲಿರುವ ಫ್ಲಾವನಾಲ್ ಎಂಬ ಮೈಗೊಳ್ಳೆಯ ಅಂಶಗಳನ್ನೂ ಹಾಳು ಮಾಡುತ್ತದಂತೆ. ಬರೀ ಫ್ಲಾವನಾಲ್ ಕ್ಯಾಪ್ಸೂಲ್ ನುಂಗಿದಾಗಿನ ಮಟ್ಟಕ್ಕೆ ಹೋಲಿಸಿದರೆ, ಬಾಳೆಹಣ್ಣಿನ ಸ್ಮೂದಿ ಕುಡಿದವರ ಮೈಯಲ್ಲಿ ಫ್ಲಾವನಾಲ್ ಮಟ್ಟ ಶೇ. 84ರಷ್ಟು ಕಡಿಮೆ ಇತ್ತು. ಬಾಳೆಹಣ್ಣು ಕೆಟ್ಟದ್ದು ಅಂತಲ್ಲ, ಆ ಜೋಡಿ ಸರಿಯಿಲ್ಲ ಅಷ್ಟೇ. ದಪ್ಪಕ್ಕೆ ಈಗ ನೆನೆಸಿದ ನಾಲ್ಕು ಗೋಡಂಬಿ ಅಥವಾ ಅರ್ಧ ಬೆಣ್ಣೆಹಣ್ಣು ಹಾಕುತ್ತೇನೆ. ಅರಿಶಿನಕ್ಕೆ ಬೇಕಾದ ಜಿಡ್ಡೂ ಅದರಿಂದಲೇ ಸಿಗುತ್ತದೆ.

ಇವತ್ತು ಬೆಳಿಗ್ಗೆ ಮಾಡಿದ ಒಂದು ದೊಡ್ಡ ಲೋಟದ ಲೆಕ್ಕ ಹೇಳುತ್ತೇನೆ. ಜಾರಿಗೆ ಮೊದಲು 150 ಮಿಲಿಲೀಟರ್ ತೆಂಗಿನಕಾಯಿ ಹಾಲು. ಅದಕ್ಕೆ ಅರ್ಧ ಟೀ ಚಮಚ ಪೇಸ್ಟ್, ಕಾಲು ಟೀ ಚಮಚ ತುರಿದ ಶುಂಠಿ, ಎರಡು ಚಿಟಿಕೆ ಚಕ್ಕೆ. ಹಣ್ಣು ಹಾಕುವ ಮೊದಲೇ ಹತ್ತು ಸೆಕೆಂಡ್ ತಿರುಗಿಸಿದರೆ ಪೇಸ್ಟ್ ಪೂರ್ತಿ ಹರಡುತ್ತದೆ, ತಳದಲ್ಲಿ ಕೂರುವುದಿಲ್ಲ. ಆಮೇಲೆ ಒಂದು ಟೀ ಚಮಚ ಪುಡಿ ಮಾಡಿದ ಅಗಸೆ ಬೀಜ. ಇಡೀ ಬೀಜ ಹಾಕಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಕೊನೆಗೆ ಮೇಲಿನಿಂದ ಹೆಪ್ಪುಗಟ್ಟಿಸಿದ 150 ಗ್ರಾಂ ಮಾವಿನ ಹೋಳು. ಹೆಪ್ಪುಗಟ್ಟಿದ ಹೋಳು ತಳದಲ್ಲಿದ್ದರೆ ಬ್ಲೇಡ್ ಒದ್ದಾಡುತ್ತದೆ, ಸದ್ದು ಕೇಳಿದರೇ ಗೊತ್ತಾಗುತ್ತದೆ. ಮೊದಲು ಬಿಟ್ಟು ಬಿಟ್ಟು ನಾಲ್ಕು ಸಲ, ಆಮೇಲೆ ಮೂವತ್ತು-ನಲವತ್ತು ಸೆಕೆಂಡ್ ಒಂದೇ ಸಮ. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಬಿಸಿಯಾಗಿ ನೊರೆ ಏಳುತ್ತದೆ. ಐಸ್ ಹಾಕುವುದಿಲ್ಲ, ಅದು ಕರಗಿ ರುಚಿಯನ್ನೇ ನೀರಾಗಿಸುತ್ತದೆ.

ಕೊನೆಯಲ್ಲಿ ಅರ್ಧ ನಿಂಬೆಹಣ್ಣಿನ ರಸ, ಒಂದು ಚೂರು ಉಪ್ಪು. ಸ್ಮೂದಿಗೆ ಉಪ್ಪಾ ಅಂತ ಹುಬ್ಬೇರಿಸಬೇಡಿ. ಆ ಚೂರು ಉಪ್ಪು ಅರಿಶಿನದ ಕಹಿಯನ್ನು ಅಡಗಿಸುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಹಾಗಾಗಿ ಜಾರಿನಿಂದ ತೆಗೆದ ಕೂಡಲೇ ಸಪ್ಪೆ ಅನಿಸಿದರೂ ಜೇನುತುಪ್ಪಕ್ಕೆ ಕೈ ಹಾಕಬೇಡಿ. ಐದು ನಿಮಿಷ ಬಿಟ್ಟು ಕುಡಿದು ನೋಡಿ. ರುಬ್ಬಿದ ಹಣ್ಣು ಅಗಿಯುವ ಕೆಲಸವಿಲ್ಲದೆ ಸಲೀಸಾಗಿ ಇಳಿದುಬಿಡುತ್ತದೆ. ಕೂತು ತಿಂದರೆ ಒಂದು ಹಣ್ಣಿಗೇ ಸಾಕೆನಿಸುವ ಕಡೆ ಮೂರು ಒಳಗೆ ಹೋಗಿರುತ್ತವೆ. ನಾನು ಹಣ್ಣನ್ನು ತೂಗಿ ಹಾಕುವುದು ಅದಕ್ಕೇ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದ ಕಲ್ಲು ಇರುವವರು ಇದನ್ನು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಿ. ಅರಿಶಿನದಲ್ಲಿ ಆಕ್ಸಲೇಟ್ ಇದೆ, ಕಿಡ್ನಿ ಕಲ್ಲಿನ ತೊಂದರೆ ಇದ್ದವರಿಗೂ ಈ ಮಾತು. ಪೈಪರಿನ್ ಕೆಲವು ಔಷಧಗಳನ್ನೂ ರಕ್ತಕ್ಕೆ ಜಾಸ್ತಿ ಸೇರಿಸಬಲ್ಲದು. ಚಿಟಿಕೆ ಮೆಣಸಿಗೆ ಹೆದರಬೇಕಿಲ್ಲ, ಅದರ ಕ್ಯಾಪ್ಸೂಲ್ ನುಂಗುವವರು ಮಾತ್ರ ಎಚ್ಚರವಾಗಿರಬೇಕು.

ಬೆರಳು ಏನಾಯಿತು ಅಂತ ಕೇಳುತ್ತೀರಿ. ಬಿಗಿತ ಮೊದಲಿನಷ್ಟಿಲ್ಲ. ಆದರೆ ಸ್ಮೂದಿ ಶುರು ಮಾಡಿದ ತಿಂಗಳೇ ಬೆಳಗಿನ ಬಿಸ್ಕತ್ತು ಬಿಟ್ಟೆ, ಗಂಟೆಗೊಮ್ಮೆ ಎದ್ದು ಓಡಾಡುವುದನ್ನೂ ಶುರು ಮಾಡಿದೆ. ಎಲ್ಲ ಹೆಸರನ್ನೂ ಅರಿಶಿನಕ್ಕೇ ಬರೆದುಕೊಡಲು ನಾನು ತಯಾರಿಲ್ಲ.

ಹೋದ ತಿಂಗಳು ಅಕ್ಕ ಬಂದಿದ್ದಳು. ಏನೂ ಹೇಳದೆ ಮಾವಿನ ಲೋಟ ಕೈಗಿಟ್ಟೆ. ಅರ್ಧ ಕುಡಿದು, "ಇದು ಚೆನ್ನಾಗಿದೆ ಕಣೇ, ಆ ಅರಿಶಿನದ ಕೆಸರು ಕುಡಿಯೋದು ಬಿಟ್ಟೆಯಾ?" ಅಂದಳು.

"ಅದರಲ್ಲೇ ಇದೆ."

ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಕುಡಿದಳು. ತೊಳೆಯುವ ಕೆಲಸ ತಾನೇ ಮಾಡುತ್ತೇನೆ ಅಂತ ಜಾರನ್ನು ಸಿಂಕಿಗೆ ಒಯ್ದವಳು ಒಂದು ನಿಮಿಷಕ್ಕೆ, "ಅಯ್ಯೋ, ಇದೇನು ಕೆಂಪಗಾಯ್ತು!" ಅಂತ ಕೂಗಿದಳು. ಸೋಪಿನ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ನಾನೂ ಮೊದಲ ಸಲ ಹೀಗೇ ಹೌಹಾರಿದ್ದೆ. ಮೊದಲು ಒಣ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸು, ಆಮೇಲೆ ಸೋಪು, ಆಮೇಲೆ ಬಿಸಿಲಿಗಿಡು ಅಂತ ಹೇಳಿಕೊಟ್ಟೆ. ಬಿಸಿಲಿನಲ್ಲಿ ಕರ್ಕ್ಯುಮಿನ್ ಬಣ್ಣ ಕಳೆದುಕೊಳ್ಳುತ್ತದೆ. ಎರಡು ದಿನ ಕಿಟಕಿಯ ಹತ್ತಿರ ಇಟ್ಟಿದ್ದಕ್ಕೆ ಜಾರು ಮೊದಲಿನಂತೆ ತಿಳಿಯಾಯಿತು. ಮುಚ್ಚಳದ ಬಿಳಿ ರಬ್ಬರ್ ಮಾತ್ರ ಇನ್ನೂ ಹಳದಿಯೇ.