ಹೋಲ್ಡರ್ ಕಡೆಯ ಮೂರು ಮೀಟರ್

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಕೆಲಸ ಆರಂಭಿಸಿದಾಗ, ನನಗೆ ಕೆಲಸ ಕಲಿಸಿದ ಉಸ್ತಾದರ ಸಲಹೆಯಂತೆ ನಾನು 50 ಸ್ಕ್ವೇರ್ ಎಂ.ಎಂ. (ಒಳಗಿನ ಲೋಹದ ಅಡ್ಡಕೊಯ್ತದ ಅಳತೆ) ತಾಮ್ರದ ಕೇಬಲನ್ನೇ ಯಂತ್ರದಿಂದ, ರಾಡನ್ನು ಕಚ್ಚಿ ಹಿಡಿಯುವ ಹೋಲ್ಡರಿನವರೆಗೂ ಇಪ್ಪತ್ತು ಮೀಟರ್ ಹಾಕಿಕೊಂಡಿದ್ದೆ. ದಪ್ಪ ಕೇಬಲ್ ಬಿಸಿಯಾಗುವುದಿಲ್ಲ ಎಂಬ ಅವರ ಮಾತು ವಿದ್ಯುತ್ತಿನ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಆದರೆ ಒಂದು ಬೇಳೆ ಮಿಲ್ಲಿನಲ್ಲಿ ಎಲಿವೇಟರಿನ ತಲೆಭಾಗದ ಪತ್ರಾ ಬೆಸೆಯಲು ಸುಮಾರು ಹನ್ನೆರಡು ಮೀಟರ್ ಎತ್ತರಕ್ಕೆ ಏರಿದಾಗ, ಆ ಕೇಬಲಿನ ಪೂರ್ತಿ ಭಾರ ಹೋಲ್ಡರ್ ಹಿಡಿದ ನನ್ನ ಬಲಗೈಯಿಂದ ಕೆಳಕ್ಕೆ ತೂಗುತ್ತಿತ್ತು. ಮೀಟರಿಗೆ ಸುಮಾರು 600 ಗ್ರಾಂ ತೂಗುವ ಕೇಬಲ್ ಅದು. ಹನ್ನೆರಡು ಮೀಟರಿಗೆ ಏಳು ಕಿಲೋ ಆಯಿತು. ರಾಡಿನ ತುದಿಗೂ ಲೋಹಕ್ಕೂ ನಡುವೆ ಹೆಚ್ಚುಕಡಿಮೆ ರಾಡಿನ ದಪ್ಪದಷ್ಟೇ, ಅಂದರೆ ಎರಡು ಮೂರು ಮಿಲಿಮೀಟರ್ ಅಂತರವನ್ನು ಕಾಯ್ದುಕೊಳ್ಳಬೇಕಾದ ಕೈಗೆ ಏಳು ಕಿಲೋ ಜೋತುಬಿದ್ದರೆ ಬೆಸುಗೆ ಹೇಗೆ ನೇರವಾಗಿ ಬಂದೀತು? ಸಂಜೆಗೆ ಮಣಿಕಟ್ಟು ಊದಿಕೊಂಡಿತ್ತು, ಬೆಸುಗೆಯ ಗೆರೆ ಅಲೆಅಲೆಯಾಗಿತ್ತು.

ಅದರಿಂದ ಬೇಸತ್ತು ನಾನು ಇನ್ನೊಂದು ತುದಿಗೆ ಹೋದೆ. ಹೋಲ್ಡರ್ ಕಡೆಗೂ, ಕರೆಂಟು ಯಂತ್ರಕ್ಕೆ ಮರಳುವ ಅರ್ಥಿಂಗ್ ಕಡೆಗೂ 25 ಸ್ಕ್ವೇರ್ ಕೇಬಲ್ ತಂದು, ತಲಾ ಇಪ್ಪತ್ತು ಮೀಟರ್ ಹಾಕಿದೆ. ಕೈಗೆ ಹಗುರವಾಯಿತು ನಿಜ, ಆದರೆ ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ಪತ್ರಾಸಿನ ಶೆಡ್ಡಿನ ಕೆಳಗೆ 10 ನಂಬರ್ ರಾಡಿನಿಂದ (ನಂಬರ್ ಇಳಿದಷ್ಟೂ ರಾಡ್ ದಪ್ಪ) ಒಂದೇ ಸಮನೆ ಬೆಸೆಯುತ್ತಿದ್ದಾಗ ನನ್ನ ಸಹಾಯಕ ಹುಡುಗ, ‘ಅಣ್ಣಾ, ಕೇಬಲ್ ಭಾಳ ಬಿಸಿ ಆಗ್ಯಾದ, ಕೈ ಹಚ್ಚಲಿಕ್ಕೆ ಆಗವಲ್ದು’ ಎಂದು ಕೂಗಿದ. ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ವಿದ್ಯುತ್ತು ಹೋಗಿ ಮರಳಿ ಬರಬೇಕಾದ್ದರಿಂದ ದೂರವನ್ನು ಇಪ್ಪತ್ತಲ್ಲ, ನಲವತ್ತು ಮೀಟರ್ ಎಂದು ಹಿಡಿಯಬೇಕು. 120 ಆಂಪಿಯರ್‌ನಲ್ಲಿ ಅಷ್ಟು ಉದ್ದದ 25 ಸ್ಕ್ವೇರ್ ತಾಮ್ರದಲ್ಲಿ ಸುಮಾರು ಮೂರೂವರೆ ವೋಲ್ಟ್ ಕಳೆದುಹೋಗುತ್ತದೆ, ಎಂದರೆ ನಾನೂರು ವಾಟಿಗೂ ಹೆಚ್ಚಿನ ಶಕ್ತಿ ಕೇಬಲನ್ನು ಕಾಯಿಸುವುದಕ್ಕೇ ಹೋಗುತ್ತದೆ. 35 ಸ್ಕ್ವೇರ್ ಹಾಕಿದರೆ ಆ ನಷ್ಟ ಎರಡೂವರೆ ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ, 50ಕ್ಕೆ ಎರಡು ವೋಲ್ಟಿಗೂ ಕಡಿಮೆ. ಬೆಸುಗೆಯ ಕಿಡಿ ಆರದೆ ಉರಿಯುವುದೇ ಇಪ್ಪತ್ತನಾಲ್ಕು ಇಪ್ಪತ್ತೈದು ವೋಲ್ಟಿನಲ್ಲಿ ಎಂಬುದನ್ನು ನೆನೆದರೆ ಮೂರೂವರೆ ವೋಲ್ಟ್ ಸಣ್ಣದಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರದಲ್ಲಿ ಇದರಿಂದ ಕರೆಂಟೇ ಇಳಿದು ರಾಡ್ ಅಂಟಿಕೊಳ್ಳುತ್ತದೆ. ಇನ್ವರ್ಟರ್ ಯಂತ್ರ ಆ ನಷ್ಟವನ್ನು ತಾನೇ ತುಂಬಿಕೊಡುತ್ತದೆಯಾದರೂ, ಹಳ್ಳಿಯ ಕಡೆ ಲೈನಿನ ವೋಲ್ಟೇಜ್ ಕುಸಿದಾಗ ತುಂಬಿಕೊಡುವ ತ್ರಾಣ ಅದಕ್ಕೂ ಉಳಿದಿರುವುದಿಲ್ಲ.

ಎರಡೂ ಅನುಭವಗಳ ನಂತರ ನಾನು ಕಂಡುಕೊಂಡ ದಾರಿ ಎಂದರೆ, ಇಡೀ ಉದ್ದಕ್ಕೂ ಒಂದೇ ದಪ್ಪ ಇರಬೇಕೆಂಬ ಹಟವನ್ನು ಬಿಡುವುದು. ಈಗ ಯಂತ್ರದಿಂದ ಹದಿನೇಳು ಮೀಟರಿನವರೆಗೆ 35 ಸ್ಕ್ವೇರ್ ಕೇಬಲ್ ಹೋಗುತ್ತದೆ, ಅಲ್ಲಿ ತಿರುಗಿಸಿ ಕೂಡಿಸುವ ಕನೆಕ್ಟರ್ ಹಾಕಿ, ಹೋಲ್ಡರ್ ಕಡೆಯ ಕೊನೆಯ ಮೂರು ಮೀಟರಿಗೆ ಮಾತ್ರ 16 ಸ್ಕ್ವೇರಿನ ಮೆತ್ತನೆಯ ರಬ್ಬರ್ ಕೇಬಲ್ ಇಟ್ಟಿದ್ದೇನೆ. ಆ ಮೂರು ಮೀಟರಿನಲ್ಲಿ ಕಳೆಯುವುದು ಅರ್ಧ ವೋಲ್ಟಿನೊಳಗೆ, ತೂಕವಾದರೋ ಆರುನೂರು ಏಳುನೂರು ಗ್ರಾಂ ಅಷ್ಟೇ. 12 ಮತ್ತು 10 ನಂಬರ್ ರಾಡಿಗೆ ಇದು ಧಾರಾಳವಾಗಿ ಸಾಕು. ಟ್ರ್ಯಾಲಿಯ ಚಾಸಿಸ್‌ನಂಥ ದಪ್ಪ ಕೆಲಸಕ್ಕೆ 8 ನಂಬರ್ ರಾಡ್ ಹಿಡಿದು 160 ಆಂಪಿಯರ್ ದಾಟುವಾಗ ಆ ತುಂಡನ್ನು ಬಿಚ್ಚಿ 25 ಸ್ಕ್ವೇರಿನ ಇನ್ನೊಂದು ತುಂಡು ಜೋಡಿಸುತ್ತೇನೆ. ಎತ್ತರದಲ್ಲಿ ಬೆಸೆಯುವಾಗ ಕನೆಕ್ಟರಿಗಿಂತ ಒಂದು ಮೊಳ ಕೆಳಗೆ 35ರ ಕೇಬಲನ್ನು ಏಣಿಗೆ ಹಗ್ಗದಿಂದ ಬಿಗಿಯುತ್ತೇನೆ. ಭಾರವೆಲ್ಲ ಏಣಿಯ ಮೇಲೆ ಬೀಳುತ್ತದೆ, ಮಣಿಕಟ್ಟಿಗೆ ಕೊನೆಯ ತುಂಡಷ್ಟೇ ಉಳಿಯುತ್ತದೆ. ಈ ಹಗ್ಗದ ಉಪಾಯ ಮೊದಲೇ ಹೊಳೆದಿದ್ದರೆ 50ರ ಕೇಬಲಿನಿಂದಲೂ ನಾನು ಅಷ್ಟು ನರಳಬೇಕಿರಲಿಲ್ಲ.

ಅರ್ಥಿಂಗ್ ಕೇಬಲನ್ನು ಕೈಯಲ್ಲಿ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಸಣ್ಣದು ಮಾಡಲು ಕಾರಣವೇ ಇಲ್ಲ. ನಾನು ಪೂರ್ತಿ 35ರಲ್ಲೇ ಇಟ್ಟಿದ್ದೇನೆ. ಹಣ ಉಳಿಸಲು ಆ ಕಡೆ ಹಳೆಯ ಕಬ್ಬಿಣದ ಸರಳು, ಆಂಗಲ್ ಹಾಸಿ ಕೆಲಸ ಸಾಗಿಸುವವರನ್ನು ನೋಡಿದ್ದೇನೆ, ಹಾಗೆ ಮಾಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಮಿಲ್ಲಿನೊಳಗೆ ಇದು ಇನ್ನೂ ಅಪಾಯ: ಅರ್ಥಿಂಗ್ ಕೇಬಲಿನ ತುದಿಯ ಕ್ಲ್ಯಾಂಪನ್ನು ದೂರದ ಯಾವುದೋ ಕಂಬಕ್ಕೆ ಕಚ್ಚಿಸಿದರೆ ಕರೆಂಟು ಮರಳುವ ದಾರಿ ಎಲಿವೇಟರಿನ ಬೇರಿಂಗ್ ಮೂಲಕವೂ ಆಗಬಹುದು, ಗುಂಡುಗಳ ಮೇಲೆ ಕಿಡಿ ಹಾರಿ ಚುಕ್ಕೆ ಬಿದ್ದು ಬೇರಿಂಗ್ ಕೆಲವೇ ದಿನಗಳಲ್ಲಿ ಸದ್ದು ಮಾಡತೊಡಗುತ್ತದೆ. ಒಮ್ಮೆ ಹಾಗೆ ಕೆಟ್ಟ ಬೇರಿಂಗನ್ನು ನನ್ನ ಕೈಯಿಂದಲೇ ಹಣ ಹಾಕಿ ಬದಲಿಸಿಕೊಟ್ಟೆ. ಅಂದಿನಿಂದ ಕ್ಲ್ಯಾಂಪ್ ಕಚ್ಚುವುದು ಬೆಸೆಯುವ ತುಂಡಿಗೇ.

ಅಲ್ಯೂಮಿನಿಯಂ ಕೇಬಲ್ ಅಗ್ಗ ಎಂಬುದು ನಿಜ, ಹಗುರವೂ ಹೌದು. ಆದರೆ ಅದೇ ದಪ್ಪದ ತಾಮ್ರಕ್ಕಿಂತ ಅದರ ತಡೆ ಸುಮಾರು 1.6 ಪಟ್ಟು ಹೆಚ್ಚು, ಆದ್ದರಿಂದ 35ರ ತಾಮ್ರದ ಜಾಗಕ್ಕೆ 70ರ ಅಲ್ಯೂಮಿನಿಯಂ ಬೇಕಾಗುತ್ತದೆ. ಮಡಚಿ ಬಿಚ್ಚುವ ಜಾಗದಲ್ಲಿ ಎಳೆಗಳು ಬೇಗ ಮುರಿಯುತ್ತವೆ, ಕೇಬಲಿನ ತುದಿಗೆ ಒತ್ತಿಸುವ ಲೋಹದ ಲಗ್ಗಿನ ಬುಡ ಸಡಿಲಾಗಿ ಸುಡುತ್ತದೆ. ಒಂದೇ ಜಾಗದಲ್ಲಿ ಕೂತಿರುವ ಯಂತ್ರಕ್ಕೆ ಅದು ನಡೆದೀತು, ದಿನಕ್ಕೊಂದು ಊರು ತಿರುಗುವ ನನ್ನಂಥವರಿಗೆ ಆಗದು. ಹೊದಿಕೆ ರಬ್ಬರಿನದೇ ಇರಲಿ. ನಮ್ಮ ಕಡೆ ಅಂಗಳದ ತುಂಬ ಶಹಾಬಾದ್ ಫರಸಿಗಳ ಚೂಪು ಅಂಚುಗಳಿರುತ್ತವೆ. ಅವುಗಳ ಮೇಲೆ ಎಳೆದಾಡಿದರೆ ಹೊದಿಕೆ ಸೀಳುತ್ತದೆ, ಮಳೆಗಾಲದ ಎರೆಮಣ್ಣಿನ ಕೆಸರಿನಲ್ಲಿ ಆ ಸೀಳು ನೇರವಾಗಿ ಮೈಗೆ ಅಪಾಯ.

ಉಳಿದ ಕೇಬಲನ್ನು ಸುರುಳಿಯಾಗಿಯೇ ಬಿಟ್ಟು ಬೆಸೆಯುವುದಿಲ್ಲ, ನೆಲದ ಮೇಲೆ ಹರಡುತ್ತೇನೆ, ಇಲ್ಲದಿದ್ದರೆ ಸುರುಳಿಯ ನಡುಭಾಗದ ಬಿಸಿ ಹೊರಬೀಳುವುದಿಲ್ಲ. ಕೊನೆಯ ಮೂರು ಮೀಟರಿನ ತುಂಡು ಹೋಲ್ಡರಿನ ಬುಡದಲ್ಲಿ ಮಣಿದು ಮಣಿದು ಎಳೆ ಕಡಿಯುತ್ತದೆ. ಅಲ್ಲಿ ಮುಟ್ಟಿದಾಗ ಬಿಸಿ ಹೆಚ್ಚಿದ್ದರೆ ಒಂದು ಗೇಣು ಕತ್ತರಿಸಿ, ಹೊಸ ಲಗ್ ಒತ್ತಿಸಿ, ಮತ್ತೆ ಜೋಡಿಸುತ್ತೇನೆ. ಎರಡೂವರೆ ಮೀಟರಿಗಿಂತ ಗಿಡ್ಡವಾದಾಗ ಆ ತುಂಡನ್ನಷ್ಟೇ ಹೊಸದು ತರುತ್ತೇನೆ. 35ರ ಉದ್ದನೆಯ ಕೇಬಲಿಗೆ ಕತ್ತರಿ ಹಾಕುವ ಪ್ರಸಂಗ ಇನ್ನೂ ಬಂದಿಲ್ಲ.