ಬೀಸಣಿಗೆ ನೊಣಹಿಡುಕದ ಒಂದೇ ಜೋಡಿಯನ್ನು ಹಿಂಬಾಲಿಸಿ

ಬೀಸಣಿಗೆ ನೊಣಹಿಡುಕ ಕಂಡರೆ ಹಕ್ಕಿ ನೋಡುವವರು ಸಾಮಾನ್ಯವಾಗಿ ಪಟ್ಟಿಯಲ್ಲಿ ಬರೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ನಾಲ್ಕು ಮರ, ಅದರಡಿ ಒಂದಿಷ್ಟು ಪೊದೆ ಇದ್ದಲ್ಲೆಲ್ಲ ಸಿಗುವ ಹಕ್ಕಿ, ಇನ್ನೇನು ನೋಡುವುದು ಎನ್ನುವ ಭಾವ. ಹೊಸ ಹಕ್ಕಿಗಳ ಬೆನ್ನು ಹತ್ತುವುದನ್ನು ನಾನು ಕಡಿಮೆ ಮಾಡಿದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿರುವ ಒಂದು ಜೋಡಿಯನ್ನೇ ವರ್ಷಗಟ್ಟಲೆ ನೋಡುತ್ತಾ ಬಂದೆ. ಅದನ್ನು ಹೇಗೆ ಮಾಡಿದೆ, ಏನು ತಿಳಿಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಚುಕ್ಕೆ ಎದೆಯ ಬೀಸಣಿಗೆ ನೊಣಹಿಡುಕ. ಇದು ಭಾರತದ ಮಧ್ಯ ಮತ್ತು ದಕ್ಷಿಣ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಳೆಯ ಪುಸ್ತಕಗಳಲ್ಲಿ ಇದನ್ನು ಹಿಮಾಲಯದ ಬಿಳಿಗತ್ತಿನ ಬೀಸಣಿಗೆಯ ಉಪಪ್ರಭೇದವೆಂದು ಸೇರಿಸಿರುತ್ತಾರೆ. ಈಗ ಬೇರೆಯದೇ ಪ್ರಭೇದ. ಒಣ ಕಾಡು, ಬಯಲು ತೋಟಗಳಲ್ಲಿ ಇದರ ನೆಂಟ ಬಿಳಿಹುಬ್ಬಿನ ಬೀಸಣಿಗೆಯೂ ಸಿಗುತ್ತದೆ. ಎರಡನ್ನೂ ಬೇರ್ಪಡಿಸಲು ನಾನು ಮೊದಲು ಹುಬ್ಬು ನೋಡುತ್ತೇನೆ. ಅಗಲವಾದ ಬಿಳಿ ಪಟ್ಟಿ ಹಣೆಯಿಂದ ಕತ್ತಿನ ಹಿಂಭಾಗದವರೆಗೆ ಹರಿದಿದ್ದರೆ, ಹೊಟ್ಟೆಯೂ ಬಿಳಿಯಾಗಿದ್ದರೆ ಅದು ಬಿಳಿಹುಬ್ಬಿನದು. ನಮ್ಮದಕ್ಕೆ ಹುಬ್ಬು ಚಿಕ್ಕದು, ಗಂಟಲು ಬಿಳಿ, ಎದೆಯ ಕಪ್ಪು ಪಟ್ಟಿಯ ಮೇಲೆ ಬಿಳಿ ಚುಕ್ಕೆಗಳು, ಹೊಟ್ಟೆ ಮಾಸಲು ಕೆನೆ ಬಣ್ಣ. ಗಂಡು ಹೆಣ್ಣು ನೋಡಲು ಒಂದೇ ಥರ.

ಹೆಸರಿನಲ್ಲಿ ನೊಣಹಿಡುಕ ಎಂದಿದ್ದರೂ, ನೀಲಿ ನೊಣಹಿಡುಕ ಅಥವಾ ಚಳಿಗಾಲಕ್ಕೆ ಬರುವ ಕಂದು ನೊಣಹಿಡುಕದ ವಂಶ ಇದರದ್ದಲ್ಲ. ಇದು ಕಾಜಾಣ, ರಾಜಹಕ್ಕಿಗಳಿಗೆ ಹತ್ತಿರ. ಬೇಟೆಯ ರೀತಿ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಕಂದು ನೊಣಹಿಡುಕ ಒಂದು ಕೊಂಬೆ ಹಿಡಿದು ಸುಮ್ಮನೆ ಕೂರುತ್ತದೆ, ಹುಳ ಹಾರಿದಾಗ ನುಗ್ಗಿ ಹಿಡಿದು, ಆಗಾಗ ಅದೇ ಕೊಂಬೆಗೆ ಮರಳುತ್ತದೆ. ಬೀಸಣಿಗೆಗೆ ಅಷ್ಟು ತಾಳ್ಮೆ ಇಲ್ಲ. ಬಾಲವನ್ನು ಪೂರ್ತಿ ಬಿಡಿಸಿ, ರೆಕ್ಕೆ ಇಳಿಬಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾ ಎಲೆಗಳ ನಡುವೆ ಸಾಗುತ್ತದೆ. ಹಾಗೆ ಥಟ್ಟನೆ ಬಿಡಿಸಿದ ಬಾಲಕ್ಕೆ ಬೆದರಿ ಎಲೆಯಡಿ ಅಡಗಿದ ಕೀಟ ಹಾರಿತೆಂದರೆ ಗಾಳಿಯಲ್ಲೇ ಲಾಗ ಹಾಕಿ ಹಿಡಿಯುತ್ತದೆ. ಕೊಕ್ಕಿನ ಬುಡದ ಬಿರುಗೂದಲು, ಅಗಲವಾದ ಕೊಕ್ಕು ಎರಡೂ ಈ ಕೆಲಸಕ್ಕೆ ಒಗ್ಗಿದವು. ಹತ್ತಿರವಿದ್ದರೆ ಕೊಕ್ಕು ಮುಚ್ಚುವ ಚಟ್ ಎಂಬ ಸದ್ದೂ ಕೇಳುತ್ತದೆ. ಬಾಲ ಬಿಡಿಸುವುದು ಬರೀ ಬೇಟೆಗೆಂದು ತಿಳಿಯಬಾರದು. ಸಂಗಾತಿಯ ಮುಂದೆಯೂ ಬಿಡಿಸುತ್ತದೆ, ಶತ್ರುವಿನ ಮುಂದೆಯೂ ಬಿಡಿಸುತ್ತದೆ.

ಇದನ್ನು ನೋಡಬೇಕೆನ್ನುವವರು ಮೊದಲು ಕಿವಿ ಪಳಗಿಸಿಕೊಳ್ಳಬೇಕು. ನೆರಳಿನಲ್ಲಿ ಕಪ್ಪು ಹಕ್ಕಿಯನ್ನು ಕಣ್ಣಿನಿಂದ ಹುಡುಕುವುದು ಕಷ್ಟ. ಸಂಪರ್ಕಕ್ಕೂ ಗದರಿಕೆಗೂ ಚಕ್ ಚಕ್ ಎಂಬ ಒರಟು ದನಿ ಇದೆ. ಹಾಡು ಮಾತ್ರ ಬೇರೆಯೇ: ಕೆಲವೇ ಸ್ಪಷ್ಟ ಸ್ವರಗಳು, ಏರಿ ಇಳಿದು, ಯಾರೋ ದಾರಿಯಲ್ಲಿ ಶಿಳ್ಳೆ ಹಾಕುತ್ತಾ ಹೋದಂತೆ. ಬೆಳಗಿನ ಹೊತ್ತು ಇದೇ ಹಾಡು ಕೇಳಿಸುತ್ತಾ ಬೇರೆ ಬೇರೆ ಮರಕ್ಕೆ ಸರಿಯುವುದನ್ನು ಗಮನಿಸಿದಾಗ ನನಗೆ ನಕ್ಷೆಯ ಯೋಚನೆ ಬಂತು. ಪಾರ್ಕಿನ ದಾರಿ, ದೊಡ್ಡ ಮರಗಳು, ಪೊದೆ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಹಾಡು ಕೇಳಿದಲ್ಲಿ ಒಂದು ಚುಕ್ಕೆ, ಬೇಟೆ ಕಂಡಲ್ಲಿ ಗೆರೆ, ಜಗಳ ಕಂಡಲ್ಲಿ ಅಡ್ಡಗುರುತು ಹಾಕತೊಡಗಿದೆ. ಕೆಲವು ತಿಂಗಳಲ್ಲಿ ಚುಕ್ಕೆಗಳು ತಾವಾಗಿಯೇ ಒಂದು ಆಕಾರಕ್ಕೆ ಬಂದವು. ಹುಲ್ಲುಹಾಸಿನ ಭಾಗ ಬಹುಪಾಲು ಖಾಲಿ. ಹೊಂಗೆ ಮರಗಳ ಅಡಿಯ ಪೊದೆ ಸಾಲು, ಹಿಂದಿನ ಮನೆಗಳ ಹಿತ್ತಲು, ಸೋರುವ ನಲ್ಲಿಯ ಆಸುಪಾಸು ಚುಕ್ಕೆಗಳಿಂದ ತುಂಬಿಹೋಗಿತ್ತು. ಗುರುತಿಗೆಂದು ಕಾಲಿಗೆ ಉಂಗುರ ತೊಡಿಸದ ಹಕ್ಕಿಗಳಾದ್ದರಿಂದ ಪ್ರತಿ ವರ್ಷ ಅವೇ ಎರಡು ಹಕ್ಕಿಗಳೆಂದು ಖಚಿತವಾಗಿ ಹೇಳಲಾರೆ, ನಾನು ಇಡುವುದು ಜಾಗದ ಲೆಕ್ಕ; ಆ ಜಾಗವನ್ನು ಯಾವ ಕಾಲಕ್ಕೂ ಒಂದು ಜೋಡಿ ಹಿಡಿದುಕೊಂಡೇ ಇತ್ತು. ಚಳಿಗಾಲದಲ್ಲಿ ಚೇಕಡಿ, ಚಿತ್ರಪಕ್ಷಿ, ಮಧುರಕಂಠಗಳ ಮಿಶ್ರ ಗುಂಪು ಹಾದುಹೋಗುವಾಗ ಇವೂ ಜೊತೆ ಸೇರುತ್ತವೆ. ಅಷ್ಟು ಹಕ್ಕಿಗಳು ಎಲೆ ಅಲುಗಾಡಿಸಿದರೆ ಹಾರುವ ಹುಳಗಳಿಗೇನು ಕೊರತೆ! ಗುಂಪು ಪಾರ್ಕಿನ ಅಂಚು ದಾಟಿದಾಗ ಇವು ಹಿಂದೆಯೇ ಉಳಿದದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಗೂಡಿನ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಹುಡುಕಿಕೊಂಡು ಹೋಗುವುದಿಲ್ಲ. ದೂರದಲ್ಲಿ ಕೂತು, ಹಕ್ಕಿ ಬಾಯಲ್ಲಿ ಏನು ಒಯ್ಯುತ್ತಿದೆ ಎಂದು ಬೈನಾಕ್ಯುಲರಿನಲ್ಲಿ ನೋಡಿದರೆ ಸಾಕು. ಮಾರ್ಚಿನಿಂದಾಚೆ ಇವು ಗೋಡೆ ಮೂಲೆ, ಬೇಲಿಗಳಿಂದ ಜೇಡರಬಲೆ ಬಿಡಿಸಿ ಒಯ್ಯುವುದು ಕಾಣುತ್ತದೆ. ಸಣ್ಣ ನಾರು, ಒಣಹುಲ್ಲಿನ ಪುಟ್ಟ ಬಟ್ಟಲು. ಅದರ ಹೊರಮೈಗೆಲ್ಲ ಜೇಡರಬಲೆ ಮೆತ್ತಿ ತೆಳುವಾದ ಕವಲಿಗೆ ಬಿಗಿದಿರುತ್ತವೆ. ಎತ್ತರವೂ ಹೆಚ್ಚೇನಿಲ್ಲ, ಎಷ್ಟೋ ಸಲ ಮನುಷ್ಯ ಕೈಯೆತ್ತಿದರೆ ಸಿಗುವಷ್ಟೇ. ಸಾಮಾನ್ಯವಾಗಿ ಮೂರು ಮೊಟ್ಟೆ. ಕಾವು ಕೊಡುವುದರಲ್ಲಿ, ಮರಿಗಳಿಗೆ ಉಣಿಸುವುದರಲ್ಲಿ ಗಂಡು ಹೆಣ್ಣು ಎರಡೂ ಪಾಲುದಾರರು. ಕಾಗೆ, ಕೆಂಬೂತ, ಮಟಪಕ್ಷಿ ಯಾರೇ ಹತ್ತಿರ ಸುಳಿದರೂ ಬಾಲ ಬಿಡಿಸಿ, ಚಕ್ ಚಕ್ ಎಂದು ಬೈಯುತ್ತಾ ಮೇಲೆ ಬೀಳುತ್ತವೆ. ನಮ್ಮನ್ನು ಕಂಡೂ ಹಾಗೆ ಬೈಯುತ್ತಿದ್ದರೆ ನಾವು ತೀರಾ ಹತ್ತಿರ ಬಂದಿದ್ದೇವೆ ಎಂದೇ ಅರ್ಥ; ಕೂಡಲೇ ಹಿಂದೆ ಸರಿಯಬೇಕು. ಗೂಡಿನ ಮುಂದಿನ ಎಲೆ ಸರಿಸಿ ಫೋಟೋ ತೆಗೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ಎಲೆಯೇ ಅವುಗಳ ಸೂರು, ಅದು ಸರಿದರೆ ಕಾಗೆಗೆ ದಾರಿ ತೆರೆದಂತೆ.

ಇಷ್ಟು ನೋಡಿದ ಮೇಲೆ, ಎಲ್ಲಿಗಾದರೂ ಹೊಂದಿಕೊಳ್ಳುವ ಹಕ್ಕಿ ಎಂಬ ಮಾತನ್ನು ನಾನು ಎಚ್ಚರದಿಂದ ಬಳಸುತ್ತೇನೆ. ನಂದಿಬೆಟ್ಟದ ಮರಗಾಡಿನಲ್ಲೂ ಇದು ಬದುಕುತ್ತದೆ, ಊರೊಳಗಿನ ತೋಟದಲ್ಲೂ ಬದುಕುತ್ತದೆ, ನಿಜ. ಎರಡೂ ಕಡೆ ಅದು ಬಳಸುವುದು ಮಾತ್ರ ಅದೇ: ಮರದಡಿಯ ನೆರಳು, ದಟ್ಟ ಪೊದೆ, ಹಾರುವ ಸಣ್ಣ ಕೀಟ, ಗೂಡಿಗೆ ಜೇಡರಬಲೆ. ನಮ್ಮ ಪಾರ್ಕಿನಲ್ಲಿ ಒಂದು ವರ್ಷ ಸ್ವಚ್ಛತೆಯ ಹೆಸರಲ್ಲಿ ಹೊಂಗೆ ಮರಗಳ ಅಡಿ ಪೂರ್ತಿ ಬೋಳಿಸಿದರು, ಮರಗಳನ್ನು ಮುಟ್ಟಲಿಲ್ಲ. ನಕ್ಷೆಯ ಚುಕ್ಕೆಗಳು ಹಿತ್ತಲುಗಳ ಕಡೆಗೆ ಸರಿದವು. ಪೊದೆ ಮತ್ತೆ ಚಿಗುರಿ ದಟ್ಟವಾಗುವವರೆಗೂ ಆ ಸಾಲಿನಲ್ಲಿ ಹಾಡು ಕೇಳಿಸಲಿಲ್ಲ. ಈಗ ಕಟಾವಿಗೆ ಮೊದಲು ಮಾಲಿಗೆ ಈ ನಕ್ಷೆ ತೋರಿಸುತ್ತೇನೆ. ಸಾಲನ್ನು ಒಮ್ಮೆಗೇ ಬೋಳಿಸದೆ ಅರ್ಧರ್ಧವಾಗಿ ಕತ್ತರಿಸಲು, ಮಾರ್ಚಿನಿಂದ ಮಳೆಗಾಲ ಮುಗಿಯುವವರೆಗೆ ಗೂಡಿನ ಜಾಗ ಬಿಟ್ಟುಬಿಡಲು ಅವರು ಒಪ್ಪಿದ್ದಾರೆ. ಹಿತ್ತಲಿನವರಿಗೂ ಇಷ್ಟೇ ಕೇಳಿಕೊಳ್ಳುತ್ತೇನೆ: ಕಾಂಪೌಂಡಿನ ಹೊರಮೂಲೆಯ ಜೇಡರಬಲೆಯನ್ನು ಗುಡಿಸಬೇಡಿ, ಬೇಲಿಗಿಡಕ್ಕೆ ಕೀಟನಾಶಕ ಹೊಡೆಯಬೇಡಿ.