ಸೀಟಿನ ಕೆಳಗಿನ ಎಂಜಿನ್‌ಗೆ ಹೆಡ್ ಗ್ಯಾಸ್ಕೆಟ್: ನನ್ನ ಅನುಭವ

ಏರು ಹತ್ತಿದರೆ ವ್ಯಾನ್ ಹೀಟ್ ಆಗುತ್ತಿತ್ತು. ರೇಡಿಯೇಟರ್ ನೀರು ಖಾಲಿ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಆಯಿಲ್ ಕ್ಯಾಪ್ ಒಳಗೆ ಕಾಫಿ ಬಣ್ಣದ ನೊರೆ. ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಬದಲಿಸಿದರೂ ಅಷ್ಟೇ. ಲೀಕ್ ನಿಲ್ಲಿಸುವ ಪುಡಿ ಸುಮ್ನೆ ದಂಡ. ತೊಂದರೆ ಹೆಡ್ ಗ್ಯಾಸ್ಕೆಟ್‌ನದು, ಅಂದರೆ ಎಂಜಿನ್ ಬ್ಲಾಕ್‌ಗೂ ಅದರ ಮುಚ್ಚಳದಂತಿರುವ ಹೆಡ್‌ಗೂ ನಡುವೆ ಕೂರುವ ಸೀಲ್‌ನದು. ಗ್ಯಾರೇಜಿನಲ್ಲಿ ಹಾಕಿಸಿದ ಹೊಸ ಗ್ಯಾಸ್ಕೆಟ್ಟೂ ಬೇಗ ಹೋಯಿತು.

ಸರಿಹೋಗಿದ್ದು ಹೀಗೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಂದಿನ ಸೀಟು ತೆಗೆದು, ಹೆಡ್ ಬೋಲ್ಟ್‌ಗಳನ್ನು ಅಂಚಿನಿಂದ ನಡುವಿಗೆ ಸಡಿಲಿಸಿದೆ. ಬಿಚ್ಚಿದ ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟರೆ ಸಂದಿನಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಸಲೀಸಾಗಿ ತೂರಿತು, ಅಂದರೆ ಹೆಡ್ ಬಾಗಿತ್ತು. ಫೇಸಿಂಗ್ ಮಾಡಿಸಿ ಅದರ ಮೈ ಸಮತಟ್ಟು ಮಾಡಿಸಿದೆ. ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿದ್ದರೆ ಟಾರ್ಕ್ (ತಿರುಗಿಸುವ ಬಲದ ಅಳತೆ) ಸುಳ್ಳು ತೋರಿಸುತ್ತದೆ. ಗಾಳಿ ಹೊಡೆದು ಒಣಗಿಸಲೇಬೇಕು. ಜಾಗ ಇಕ್ಕಟ್ಟು ಅಂತ ಹಿಂದಿನ ಸಾಲಿನ ಬೋಲ್ಟ್‌ಗಳಿಗೆ ಯೂನಿವರ್ಸಲ್ ಜಾಯಿಂಟ್ (ಪಾನಾಕ್ಕೆ ಸೇರಿಸುವ ಬಾಗುವ ಕೀಲು) ಹಾಕಬೇಡಿ, ಉದ್ದನೆಯ ನೇರ ಎಕ್ಸ್‌ಟೆನ್ಷನ್ನೇ ಬೇಕು. ಬಿಗಿಯುವುದು ನಡುವಿನಿಂದ ಹೊರಗೆ, ಮೂರು ಸುತ್ತು: 20, ಆಮೇಲೆ 40 ನ್ಯೂಟನ್ ಮೀಟರ್, ಕೊನೆಗೆ ಮ್ಯಾನ್ಯುವಲ್‌ನಲ್ಲಿರುವ ಟಾರ್ಕ್. ನೀರು ಬೆರೆತ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿಯೇ ಸ್ಟಾರ್ಟ್ ಮಾಡಿ.